ತಗಡಿನ ಛಾವಣಿ, ಹೆಸರಿಲ್ಲದ ಕೈ



ಇತಿಹಾಸವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವರು ಅರಸರು, ದಂಡನಾಯಕರು, ದಾನಿಗಳು. ಇಂದು ನಾವು ಅವರನ್ನು ಬದಿಗಿರಿಸಿ, ಹಳೆಯ ಮೋಟಾರು ಕಾರೊಂದರ ಛಾವಣಿಯನ್ನೇ ಶಾಸನವೆಂದು ಭಾವಿಸಿ ಓದಲು ಯತ್ನಿಸೋಣ. ಶುವೈಖ್‌ನಲ್ಲಿ 2010ರಲ್ಲಿ ತೆರೆದ ಹಳೆಯ ಕಾರುಗಳ ವಸ್ತುಸಂಗ್ರಹಾಲಯವನ್ನು ತಮ್ಮಲ್ಲಿ ಅನೇಕರು ಮಕ್ಕಳೊಡನೆ ನೋಡಿರಬಹುದು. ಇಂಥ ಕಡೆಗಳಲ್ಲಿ ಕಾರಿನ ಕಂಪನಿ ಯಾವುದು, ವರ್ಷ ಯಾವುದು, ಒಡೆಯನಾರು ಎಂಬುದನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ತುಕ್ಕು ತಿಂದ ಅದರ ಮೈಯನ್ನು ಮತ್ತೆ ತಿದ್ದಿ ನಿಲ್ಲಿಸಿದವರು ಯಾರೆಂಬುದು ಮಾತ್ರ ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿಯುತ್ತದೆ.

ಶೇಖ್ ಮುಬಾರಕ್ ಅಸ್ಸಬಾಹ್ ಅವರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕುವೈತಿಗೆ ಬೆಲ್ಜಿಯಂ ದೇಶದ ಮಿನರ್ವಾ ಕಾರು ಬಂದಿತ್ತು. ಆದರೆ ಕಾರು ಇಲ್ಲಿ ಜನಜೀವನದ ಅಂಗವಾದದ್ದು 1946ರ ಜೂನ್ 30ರಂದು ಮೊದಲ ಬಾರಿಗೆ ಕಚ್ಚಾ ತೈಲ ರಫ್ತಾದ ನಂತರವೇ. ಐವತ್ತರ ದಶಕದಲ್ಲಿ ಅಮೆರಿಕದ ದೊಡ್ಡ ಕಾರುಗಳು ಈ ಬೀದಿಗಳನ್ನು ತುಂಬಿದವು. ಕಡಲ ಉಪ್ಪುಗಾಳಿ, ಮಂಜು ಮತ್ತು ಧೂಳು ಸೇರಿ ಅವುಗಳ ತಗಡನ್ನು ತಿನ್ನತೊಡಗಿದವು. ಛಾವಣಿಯ ಅಂಚಿನಲ್ಲಿ ನೀರು ಹರಿಯಲೆಂದು ಮಾಡಿದ ಕಿರುಗಾಲುವೆಯಲ್ಲಿ ಧೂಳು ಕುಳಿತು ತೇವ ಹಿಡಿದರೆ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ.

ಕಾರಿನ ಅಂಗಗಳಲ್ಲಿ ಛಾವಣಿಯ ಕಥೆ ವಿಶಿಷ್ಟವಾದುದು. ಬಾಗಿಲು, ಬದಿಗಳು ಉಕ್ಕಿನವಾದ ಮೇಲೂ ಎಷ್ಟೋ ಕಾಲ ಛಾವಣಿಯ ನಡುಭಾಗ ಮರದ ಪಟ್ಟಿ ಮತ್ತು ಮೇಣಗಪ್ಪಡದ್ದೇ ಆಗಿತ್ತು. ಅಷ್ಟು ಅಗಲವಾದ ಉಕ್ಕಿನ ಹಾಳೆಯನ್ನು ಉರುಳಿಸಿ ತೆಗೆಯುವ ಗಿರಣಿಗಳು ಇರಲಿಲ್ಲವೆಂಬುದೇ ಇದಕ್ಕೆ ಮುಖ್ಯ ಕಾರಣ. ಇಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಅಂಥ ಗಿರಣಿಗಳು ಹುಟ್ಟಿಕೊಂಡವು. ಜನರಲ್ ಮೋಟಾರ್ಸ್ ಸಂಸ್ಥೆ ತನ್ನ 1935ರ ಮಾದರಿಗಳಲ್ಲಿ ಒಂದೇ ಹಾಳೆಯಿಂದ ಒತ್ತಿ ತೆಗೆದ ಉಕ್ಕಿನ ಛಾವಣಿಯನ್ನು ‘ಟರೆಟ್ ಟಾಪ್’ ಎಂಬ ಹೆಸರಿನಲ್ಲಿ ತಂದಿತು. ಕುಶಲಕರ್ಮಿ ದಿನಗಟ್ಟಲೆ ಬಡಿದು ಮಾಡುತ್ತಿದ್ದುದನ್ನು ಅಚ್ಚುಯಂತ್ರ ಒಂದೇ ಒತ್ತಿಗೆ ಮುಗಿಸಿತು. ಕೈಯ ಕಾಲ ಮುಗಿಯಿತೆಂದೇ ಜನ ತಿಳಿದರು.

ಆದರೆ ಅಚ್ಚಿಗೂ ಆಯುಷ್ಯವುಂಟು. ಮಾದರಿ ಹಳತಾದರೆ ಅಚ್ಚು ಗುಜರಿಗೆ ಹೋಗುತ್ತದೆ, ಕಾರು ಉಳಿಯುತ್ತದೆ. ಅರುವತ್ತು ಎಪ್ಪತ್ತು ವರ್ಷಗಳ ತರುವಾಯ ಅದರ ಛಾವಣಿ ತೂತುಬಿದ್ದಾಗ ಹೊಸದನ್ನು ಕೊಡುವ ಕಾರ್ಖಾನೆ ಇರುವುದಿಲ್ಲ. ಆಗ ಮತ್ತೆ ಕೈಯೇ ಬೇಕು.

ಈ ಕೆಲಸದ ಕ್ರಮವನ್ನು ಸ್ವಲ್ಪ ಗಮನಿಸೋಣ. ಮೊದಲು ಕೆಡದೆ ಉಳಿದ ಬದಿಯ ಬಾಗನ್ನು ರಟ್ಟಿನಲ್ಲಿ ಕತ್ತರಿಸಿ ಅಳತೆಯಚ್ಚುಗಳನ್ನು ಮಾಡಿಕೊಳ್ಳುತ್ತಾರೆ. ಬಳಿಕ ಛಾವಣಿಯ ಮೇಲೆ ಕಾಗದ ಹೊದಿಸುತ್ತಾರೆ. ಕಾಗದ ನೆರಿಗೆಗಟ್ಟಿದ ಕಡೆ ತಗಡನ್ನು ಕುಗ್ಗಿಸಬೇಕು. ಕಾಗದ ಸಾಲದೆ ಹರಿಯುವ ಕಡೆ ಹಿಗ್ಗಿಸಬೇಕು. ಸುಮಾರು 0.9 ಮಿಲಿಮೀಟರ್ ದಪ್ಪದ ಉಕ್ಕಿನ ತಗಡನ್ನು ಮರಳು ತುಂಬಿದ ತೊಗಲ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಮೂಲೆಗಳ ಉಬ್ಬು ತೆಗೆಯುತ್ತಾರೆ. ಅನಂತರ ಒಂದರ ಮೇಲೊಂದು ನಿಂತ ಎರಡು ಉಕ್ಕಿನ ಚಕ್ರಗಳ ನಡುವೆ ತಗಡನ್ನು ಹಿಂದೆಮುಂದೆ ಆಡಿಸುತ್ತಾರೆ. ಪ್ರತಿ ಸಲವೂ ಅದು ಕೂದಲೆಳೆಯಷ್ಟು ತೆಳುವಾಗಿ ಹಿಗ್ಗುತ್ತದೆ.

ನೋಡುವವರಿಗೆ ಮೂಲೆಗಳೇ ಕಷ್ಟವೆನಿಸುತ್ತವೆ. ಬಲ್ಲವರಿಗೆ ನಡುಭಾಗವೇ ಕಠಿಣ. ಅದು ಚಪ್ಪಟೆಯಂತೆ ಕಂಡರೂ ಚಪ್ಪಟೆಯಲ್ಲ. ಅಲ್ಲಿನ ಅಲ್ಪ ಉಬ್ಬು ತಪ್ಪಿದರೆ ಛಾವಣಿ ಎಣ್ಣೆಡಬ್ಬಿಯ ತಳದಂತೆ ಟಪ್ಪೆಂದು ಒಳಗೂ ಹೊರಗೂ ಆಡುತ್ತದೆ. ಹೆಚ್ಚು ಹಿಗ್ಗಿದ ಜಾಗವನ್ನು ನಾಣ್ಯದಗಲ ಕೆಂಪಗೆ ಕಾಯಿಸಿ, ಮೆಲ್ಲಗೆ ತಟ್ಟಿ, ಒದ್ದೆಬಟ್ಟೆಯಿಂದ ತಣಿಸಿ ಕುಗ್ಗಿಸುತ್ತಾರೆ. ಕೊನೆಯ ಪರೀಕ್ಷೆ ಅಂಗೈಯದು. ಕಣ್ಣಿಗೆ ಕಾಣದ ತಗ್ಗನ್ನು ತಡವಿ ತಿಳಿಯುವ ಆ ಸ್ಪರ್ಶಜ್ಞಾನ ಪುಸ್ತಕದಿಂದ ಬರುವಂಥದಲ್ಲ.

ಪುಟ್ಟಿ ಮೆತ್ತಿ ತಗ್ಗು ಮುಚ್ಚಿದರಾಗದೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಕುವೈತಿನ ಸೂರ್ಯನೇ ಉತ್ತರ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾಹ್‌ನಲ್ಲಿ 53.9 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಅದು ನೆರಳಿನ ಗಾಳಿಯ ತಾಪ. ಬಿಸಿಲಿಗೊಡ್ಡಿದ ಛಾವಣಿ ಇನ್ನೂ ಬಹಳ ಕಾಯುತ್ತದೆ. ಉಕ್ಕೂ ಪುಟ್ಟಿಯೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ದಪ್ಪಗೆ ಮೆತ್ತಿದ್ದು ಕೆಲವು ಬೇಸಗೆಗಳಲ್ಲಿ ಬಿರುಕುಬಿಟ್ಟು ಏಳುತ್ತದೆ. ಮೋಸದ ಕೆಲಸವನ್ನು ಈ ಮರುಭೂಮಿ ಬಹುಕಾಲ ಮುಚ್ಚಿಡುವುದಿಲ್ಲ.

ಈ ವಿದ್ಯೆ ನಮಗೆ ಪರಕೀಯವೇ? ಖಂಡಿತ ಅಲ್ಲ. ತಟ್ಟಿ ತಟ್ಟಿ ತಾಮ್ರದ ಕೊಡ ಮಾಡುವ ನಮ್ಮ ಕಂಚುಗಾರನೂ ಲೋಹವನ್ನು ಹಿಗ್ಗಿಸುವ, ಕುಗ್ಗಿಸುವ, ಕಾಯಿಸಿ ಮೆತ್ತಗಾಗಿಸುವ ಗುಟ್ಟುಗಳನ್ನು ಬಲ್ಲವನೇ. ಕರಾವಳಿಯ ದೇವಾಲಯಗಳ ಮಾಡಿನಲ್ಲಿ ಮರದ ಚೌಕಟ್ಟಿನ ಮೇಲೆ ತಾಮ್ರದ ತಗಡು ಹೊದಿಸುವ ಕ್ರಮಕ್ಕೂ, ಮರದ ಗೂಡಿನ ಮೇಲೆ ತಗಡು ಹೊದಿಸಿದ ಹಳೆಯ ಕಾರಿನ ಮೈಗೂ ತತ್ತ್ವ ಒಂದೇ. ಆಧುನಿಕ ಕಾಲದಲ್ಲಿ 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ನೆನೆಯಬೇಕು. ಮಹಾಯುದ್ಧ ಮುಗಿದ ಮೇಲೆ ವಿಮಾನದ ತಗಡು ಬಲ್ಲ ಆ ಕಾರ್ಖಾನೆ ರೈಲು ಬೋಗಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಿತು. ಊರೂರಿನ ಟಿಂಕರಿಂಗ್ ಅಂಗಡಿಗಳು ತಮ್ಮ ಪಾಲಿನ ಪಾಠಶಾಲೆಗಳಾದವು. ಅಂಥ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು ಕೊಲ್ಲಿಗೆ ಬಂದವರು ನಮ್ಮ ಜನರಲ್ಲೂ ಇದ್ದಾರೆ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳಿವೆ. ಒಂಬತ್ತು ನೂರು ವರ್ಷಗಳ ಹಿಂದಿನ ಕಲ್ಲುಕುಟಿಗನ ಹೆಸರು, ಊರು ನಮಗೆ ಗೊತ್ತು. ಮೂವತ್ತು ವರ್ಷಗಳ ಹಿಂದೆ ಶುವೈಖ್‌ನ ಗರಾಜಿನಲ್ಲಿ ತಗಡು ತಿದ್ದಿದವನ ಹೆಸರು ಗೊತ್ತಿಲ್ಲ. ಶಿಲ್ಪಿಗೆ ಸಹಿ ಹಾಕಲು ಪೀಠವಿತ್ತು. ತಗಡಿನವನ ಗುರುತಿನ ಮೇಲೆ ಬಣ್ಣ ಬಳಿಯಲಾಗುತ್ತದೆ. ಅವನ ಸುತ್ತಿಗೆಯ ಕಲೆ ಕಾಣದಿರುವುದೇ ಕೆಲಸ ಉತ್ತಮವೆಂಬುದಕ್ಕೆ ಸಾಕ್ಷಿ. ಹೀಗೆ ಅವನ ನೈಪುಣ್ಯವೇ ಅವನನ್ನು ಮರೆಸುತ್ತದೆ.

ವಲಸೆಯ ಇತಿಹಾಸ ಬರೆಯುವಾಗ ನಾವು ವೈದ್ಯರನ್ನು, ಇಂಜಿನಿಯರರನ್ನು, ಉದ್ಯಮಿಗಳನ್ನು ಹೆಮ್ಮೆಯಿಂದ ಸ್ಮರಿಸುತ್ತೇವೆ, ಅದು ಸಲ್ಲತಕ್ಕದ್ದೇ. ಆದರೆ ಗರಾಜುಗಳಲ್ಲಿ ಬೆವರು ಸುರಿಸಿ ಊರಿಗೆ ಮರಳಿದವರ ಮಾತನ್ನು ಬರೆದಿಡದಿದ್ದರೆ ಆ ಇತಿಹಾಸ ಪುಟ್ಟಿ ಮೆತ್ತಿದ ಛಾವಣಿಯಂತಾದೀತು. ನಮ್ಮ ಕೂಟದ ತರುಣರು ಒಂದು ಟಿಪ್ಪಣಿ ಪುಸ್ತಕ ಹಿಡಿದು ಅಂಥ ಹಿರಿಯರ ಬಳಿ ಕುಳಿತು ಅವರ ಹೆಸರು, ಊರು, ಗುರು, ಕೆಲಸ ಮಾಡಿದ ಕಾರು, ಇಷ್ಟನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ ಎಂಬುದು ನಮ್ಮ ವಿನಂತಿ. ಆ ಕೈಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.