ಹೆಸರಿಲ್ಲದ ಕಾಫಿ

ಹೋದ ಸಲ ಕಳಸಕ್ಕೆ ಹೋದಾಗ ಅಪ್ಪ ಕಣದಲ್ಲಿ ಕಾಫಿ ಹರವುತ್ತಾ ಕೇಳಿದ್ರು: "ನಿನ್ ತಂಗಿಗೆ ಬರೆಯೋದಕ್ಕೇ ಸಂಬಳ ಕೊಡ್ತಾರಂತೆ. ಅದೆಂಥ ಕೆಲಸ ಮಾರಾಯ?"

ಉತ್ತರ ಅವರ ಕಾಲಬುಡದಲ್ಲೇ ಇತ್ತು.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ, 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆ ಬಂತು. ಬೆಳೆದ ಕಾಫಿಯನ್ನು ಬೋರ್ಡಿನ ಪೂಲ್‌ಗೆ ಕೊಡಬೇಕು. ಬೋರ್ಡು ಮಾರಿ, ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. ಅಜ್ಜನಂಥವರಿಗೆ ಅದರಿಂದ ಧೈರ್ಯ ಸಿಕ್ಕಿತು, ನಿಜ. ಆದರೆ ಪೂಲ್‌ಗೆ ಬಿದ್ದ ಮೇಲೆ ಗ್ರೇಡ್ ಉಳೀತಿತ್ತು, ಸಣ್ಣ ಬೆಳೆಗಾರನ ತೋಟದ ಹೆಸರು ಉಳೀತಿರಲಿಲ್ಲ. ಹೆಸರಿಲ್ಲದ ಮಾಲಿಗೆ ಕಥೆ ಹೇಳೋರು ಯಾಕೆ ಬೇಕು?

1990ರ ದಶಕದಲ್ಲಿ ಕಟ್ಟು ಸಡಿಲವಾಗುತ್ತಾ ಬಂದು, 1996ರಲ್ಲಿ ಆ ಕಡ್ಡಾಯ ಪೂರ್ತಿ ಹೋಯಿತು. ಅದೇ ವರ್ಷ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದರು. ಅಲ್ಲಿ ಕಾಫಿ ಜೊತೆ ಇಂಟರ್ನೆಟ್ಟೂ ಇತ್ತು. ಮಾರಿದ್ದು ಬರೀ ಕಾಫಿಯನ್ನಲ್ಲ, ಕೂತು ಹರಟೋ ಜಾಗವನ್ನು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ, ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಜಿಐ ಟ್ಯಾಗ್ ಸಿಕ್ಕಿತು.

ಜಿಲ್ಲೆಗೆ ಹೆಸರು ಬಂತು. ನಮ್ಮನೆ ಕಾಫಿ ಮಾತ್ರ ಈಗಲೂ ಹೆಸರಿಲ್ಲದೆ ವ್ಯಾಪಾರಿಯ ಲಾರಿ ಹತ್ತುತ್ತೆ. ನೆರಳಿನ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಹೂಮಳೆ ಕೈಕೊಟ್ಟ ವರ್ಷ: ಇವನ್ನೆಲ್ಲ ಕಂಡೇ ಇರದವರು ಬೆಂಗಳೂರಲ್ಲಿ ಕೂತು ಬರೆದರೆ ಪೊಳ್ಳು. ಕಂಡವರು ಬರೆದರೆ ಅದು ನಿಜವಾದ ಕೆಲಸ.

ಇಷ್ಟು ಹೇಳಿದೆ. ಅಪ್ಪ ಚೀಲದ ಬಾಯಿ ಕಟ್ಟುತ್ತಾ ಅಂದ್ರು: "ಹಾಗಾದ್ರೆ ಇದರ ಮೇಲೆ ಎಂಥ ಬರೀಬೇಕು ಅಂತ ಅವಳನ್ನೇ ಕೇಳು."