ಎಫ್‌ಆರ್‌ಸಿ ರೋಬೋಟ್: ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗ್

ಅಮೆರಿಕದಲ್ಲಿ 1992ರಲ್ಲಿ ಶುರುವಾದ ಪ್ರೌಢಶಾಲಾ ಸ್ಪರ್ಧೆ ಫಸ್ಟ್ ರೊಬಾಟಿಕ್ಸ್ ಕಾಂಪಿಟಿಷನ್, ಅಂದರೆ ಎಫ್‌ಆರ್‌ಸಿಯಲ್ಲಿ ರೋಬೋಟನ್ನು ನಡೆಸುವುದು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿರುವ ಡ್ರೈವರ್ ಸ್ಟೇಷನ್ ಎಂಬ ತಂತ್ರಾಂಶ. 2015ರಿಂದ ರೋಬೋಟಿನ ನಿಯಂತ್ರಕವಾಗಿ ಬಂದಿರುವುದು ರೋಬೊರಿಯೊ.

ಇಲ್ಲಿನ ಐಪಿ ವಿಳಾಸಗಳು ತಂಡದ ಸಂಖ್ಯೆಯಿಂದಲೇ ಹುಟ್ಟುತ್ತವೆ. ತಂಡ 1234 ಆದರೆ ರೋಬೋಟಿನ ರೇಡಿಯೊ 10.12.34.1, ರೋಬೊರಿಯೊ 10.12.34.2. ಸಂಖ್ಯೆ 254 ಆದರೆ 10.2.54.2. ಲ್ಯಾಪ್‌ಟಾಪ್‌ಗೆ ಕೈಯಾರೆ ವಿಳಾಸ ಕೊಡುವುದಾದರೆ ಕೊನೆಯ ಅಂಕಿ 5 ಇಡುವುದು ರೂಢಿ. ಆದರೂ ವಿಳಾಸವನ್ನು ತಾನಾಗಿಯೇ ಹಂಚುವ ಡಿಎಚ್‌ಸಿಪಿಗೆ ಬಿಡುವುದೇ ಮೇಲು. ಮನೆಯಲ್ಲಿ ರೇಡಿಯೊ, ಅಂಕಣದಲ್ಲಿ ಅಲ್ಲಿನ ವ್ಯವಸ್ಥೆ ವಿಳಾಸ ಹಂಚುತ್ತದೆ. ಅಂಕಣದಲ್ಲಿ ಲ್ಯಾಪ್‌ಟಾಪ್‌ಗೆ ಈಥರ್ನೆಟ್ ಕೇಬಲ್ಲೇ ಗತಿ, ವೈಫೈ ಅಲ್ಲ.

ತೊಂದರೆ ಹೆಚ್ಚಾಗಿ ಬರುವುದು ಎರಡು ಕಡೆಯಿಂದ. ವಿಂಡೋಸ್ ಫೈರ್‌ವಾಲ್ ಸಂದೇಶಗಳನ್ನು ತಡೆಯುತ್ತದೆ. ಆಫ್ ಮಾಡದ ವೈಫೈ ಬೇರೊಂದು ನೆಟ್‌ವರ್ಕಿಗೆ ಅಂಟಿಕೊಂಡು ದಾರಿ ತಪ್ಪಿಸುತ್ತದೆ. ಆಗ ಡ್ರೈವರ್ ಸ್ಟೇಷನ್‌ನ ‘ಕಮ್ಯುನಿಕೇಷನ್ಸ್’ ಸೂಚಕ ಕೆಂಪಾಗಿಯೇ ಉಳಿದು, ಜಾಯ್‌ಸ್ಟಿಕ್ ಸೂಚಕ ಮಾತ್ರ ಹಸಿರಾಗಿರುತ್ತದೆ. ಕೋಡನ್ನು ಕೆದಕುವ ಮುನ್ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ping 10.12.34.2 ಎಂದು ಹೊಡೆದು ನೋಡುವುದು ಜಾಣತನ. ಉತ್ತರ ಬಂದರೂ ಸೂಚಕ ಕೆಂಪಿದ್ದರೆ, ತಂತ್ರಾಂಶದಲ್ಲಿ ನಮೂದಿಸಿದ ತಂಡದ ಸಂಖ್ಯೆಯನ್ನೂ ಫೈರ್‌ವಾಲನ್ನೂ ನೋಡಬೇಕು. ಯುಎಸ್‌ಬಿ ಕೇಬಲ್ ಮೂಲಕವಾದರೆ ಎಲ್ಲ ತಂಡಗಳ ರೋಬೊರಿಯೊಗೂ ಒಂದೇ ವಿಳಾಸ: 172.22.11.2.