ನರ್ಸಿಂಗ್ ಹೋಂ ಪ್ರವೇಶಕ್ಕೆ ಮುನ್ನ ಮನೋರೋಗ ತಪಾಸಣೆ: ಅಮೆರಿಕದ ನಿಯಮವೇನು?

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ದೀರ್ಘಕಾಲದ ಶುಶ್ರೂಷೆ ಬೇಕಾದವರು, ಅದರಲ್ಲೂ ವೃದ್ಧರು, ವಾಸಿಸುವ ಕೇಂದ್ರ. ಮೆಡಿಕೇಡ್ ಮಾನ್ಯತೆ ಪಡೆದ ಇಂತಹ ಕೇಂದ್ರಕ್ಕೆ ಸೇರುವ ಪ್ರತಿಯೊಬ್ಬರಿಗೂ, ವೆಚ್ಚವನ್ನು ಯಾರೇ ಭರಿಸಲಿ, ಮೊದಲು ಮನೋರೋಗ ಹಾಗೂ ಬೌದ್ಧಿಕ ನ್ಯೂನತೆಯ ತಪಾಸಣೆ ಕಡ್ಡಾಯ. ಈ ವ್ಯವಸ್ಥೆಗೆ 'ಪಾಸರ್' ಎಂದು ಹೆಸರು.

ಹಿನ್ನೆಲೆ

ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಖಾಲಿಯಾಗತೊಡಗಿದವು. 1965ರಲ್ಲಿ ಜಾರಿಯಾದ ಮೆಡಿಕೇಡ್ ಯೋಜನೆಯು ವಯಸ್ಕರ ಮಾನಸಿಕ ಆಸ್ಪತ್ರೆ ವಾಸಕ್ಕೆ ಹಣ ನೀಡುತ್ತಿರಲಿಲ್ಲ. ನರ್ಸಿಂಗ್ ಹೋಂ ವಾಸಕ್ಕೆ ನೀಡುತ್ತಿತ್ತು. ಪರಿಣಾಮವಾಗಿ ಅನೇಕ ಮನೋರೋಗಿಗಳು, ಸೂಕ್ತ ಚಿಕಿತ್ಸೆಯ ಏರ್ಪಾಡಿಲ್ಲದ ನರ್ಸಿಂಗ್ ಹೋಂಗಳಿಗೆ ಸ್ಥಳಾಂತರಗೊಂಡರು. ಇದನ್ನು ತಡೆಯಲು 1987ರ ನರ್ಸಿಂಗ್ ಹೋಂ ಸುಧಾರಣಾ ಕಾಯ್ದೆಯಲ್ಲಿ ತಪಾಸಣೆಯ ನಿಯಮ ಸೇರಿತು. 1989ರ ಜನವರಿ 1ರಿಂದ ಅದು ಜಾರಿಗೆ ಬಂದಿತು.

ಎರಡು ಹಂತ

ಮೊದಲ ಹಂತದಲ್ಲಿ ಗಂಭೀರ ಮನೋರೋಗದ ಶಂಕೆ ಇದೆಯೇ ಎಂದು ಪ್ರಶ್ನಾವಳಿಯ ಮೂಲಕ ನೋಡಲಾಗುತ್ತದೆ. ಶಂಕೆ ಕಂಡುಬಂದರೆ ಎರಡನೇ ಹಂತದ ಸವಿವರ ಮೌಲ್ಯಮಾಪನ. ವ್ಯಕ್ತಿಗೆ ನರ್ಸಿಂಗ್ ಹೋಂ ನಿಜಕ್ಕೂ ಅಗತ್ಯವೇ, ವಿಶೇಷ ಮಾನಸಿಕ ಚಿಕಿತ್ಸೆ ಬೇಕೇ ಎಂಬುದು ಇಲ್ಲಿ ನಿರ್ಧಾರವಾಗುತ್ತದೆ. ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆ ಮುಂತಾದವು ಇದರ ವ್ಯಾಪ್ತಿಯಲ್ಲಿವೆ. ಮುಖ್ಯ ಕಾಯಿಲೆ ಮರೆಗುಳಿತನ (ಡಿಮೆನ್ಷಿಯಾ) ಆಗಿದ್ದಲ್ಲಿ ಅದನ್ನು ಈ ನಿಯಮದಡಿ ಗಂಭೀರ ಮನೋರೋಗವೆಂದು ಪರಿಗಣಿಸುವುದಿಲ್ಲ.

ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಕಾಯಿಲೆಗಾಗಿಯೇ 30 ದಿನಕ್ಕಿಂತ ಕಡಿಮೆ ಅವಧಿಯ ಶುಶ್ರೂಷೆ ಸಾಕೆಂದು ವೈದ್ಯರು ದೃಢೀಕರಿಸಿದರೆ ಪೂರ್ವ ತಪಾಸಣೆಯಿಂದ ವಿನಾಯಿತಿ ಇದೆ. ಅಗತ್ಯವಿದ್ದ ತಪಾಸಣೆ ಪೂರ್ಣಗೊಳ್ಳದೆ ಕಳೆದ ದಿನಗಳಿಗೆ ಮೆಡಿಕೇಡ್ ಹಣ ದೊರೆಯದು.

ನಿವಾಸಿಯ ಹಕ್ಕು

ಪ್ರತಿವರ್ಷದ ಮರುಪರಿಶೀಲನೆಯ ನಿಯಮ 1996ರಲ್ಲಿ ರದ್ದಾಯಿತು. ಈಗ ನಿವಾಸಿಯ ಸ್ಥಿತಿಯಲ್ಲಿ ಗಣನೀಯ ಬದಲಾವಣೆ ಕಂಡಾಗ ಮರುಪರಿಶೀಲನೆ ನಡೆಯಬೇಕು. ಶುಶ್ರೂಷೆಯ ಅಗತ್ಯವಿಲ್ಲವಾದರೂ ವಿಶೇಷ ಚಿಕಿತ್ಸೆ ಬೇಕೆಂದು ತೀರ್ಮಾನವಾದಾಗ, ಅದಾಗಲೇ 30 ತಿಂಗಳು ನಿರಂತರ ವಾಸವಿದ್ದವರು ಅಲ್ಲಿಯೇ ಉಳಿಯಬಹುದು ಅಥವಾ ಬೇರೆಡೆಗೆ ಹೋಗಬಹುದು, ಆಯ್ಕೆ ಅವರದು. ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ಮೌಲ್ಯಮಾಪನವು ವ್ಯಕ್ತಿಯ ಭಾಷೆ ಹಾಗೂ ಸಾಂಸ್ಕೃತಿಕ ಹಿನ್ನೆಲೆಗೆ ಹೊಂದಿಕೊಳ್ಳಬೇಕು, ಅವರು ಒಪ್ಪಿದಲ್ಲಿ ಕುಟುಂಬದವರನ್ನೂ ಒಳಗೊಳ್ಳಬೇಕು ಎಂದು ನಿಯಮ ಹೇಳುತ್ತದೆ. ಮಕ್ಕಳೊಡನೆ ಅಮೆರಿಕದಲ್ಲಿ ನೆಲೆಸಿ, ಕನ್ನಡವಷ್ಟೇ ಬಲ್ಲ ಹಿರಿಯರಿಗೂ ಈ ರಕ್ಷಣೆ ಅನ್ವಯಿಸುತ್ತದೆ. ಭಾಷೆ ಅರ್ಥವಾಗದೆ ಮೌನವಾಗಿರುವುದನ್ನು ರೋಗಲಕ್ಷಣವೆಂದು ಬರೆದುಕೊಳ್ಳದಂತೆ ಕುಟುಂಬದವರು ಆಗ ಎಚ್ಚರ ವಹಿಸುವುದು ಒಳಿತು.